ವಾರ್ಡ್ ಸಭೆ ಸಂಜೆ ಇಡಿ ಸ್ವಾಮಿ

ಬೆಂಗಳೂರಿನವರಿಗೆ ಬೀದಿಗಿಳಿಯೋದು ಗೊತ್ತಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. 2016ರ ಅಕ್ಟೋಬರ್‌ನಲ್ಲಿ ಸ್ಟೀಲ್ ಫ್ಲೈಓವರ್ ಬೇಡ ಅಂತ ಸಾವಿರಾರು ಜನ ಕೈ ಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ದೊಡ್ಡ ಗೆಲುವೇ. ಆದರೆ ನಮ್ಮ ಬೀದಿಯ ಮೋರಿ ಹೂಳು ಯಾವಾಗ ಎತ್ತುತ್ತೀರಿ, ಅರ್ಧ ಹಾಕಿದ ಫುಟ್‌ಪಾತ್‌ಗೆ ಪೂರ್ತಿ ಬಿಲ್ ಹೇಗೆ ಪಾಸಾಯಿತು ಅಂತ ತಿಂಗಳು ತಿಂಗಳು ಕೂತು ಕೇಳೋರು ಎಷ್ಟು ಜನ?

ಕೇಳೋಕೆ ಜಾಗ ಇದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಪ್ರಕಾರ 3 ಲಕ್ಷ ಜನಸಂಖ್ಯೆ ದಾಟಿದ ಊರಲ್ಲಿ ವಾರ್ಡ್ ಸಮಿತಿ, ಅಂದರೆ ವಾರ್ಡಿನ ಕೆಲಸಗಳ ಬಗ್ಗೆ ಕೂತು ಮಾತಾಡೋ ಸಮಿತಿ, ಇರಲೇಬೇಕು. ನಮ್ಮಲ್ಲಿ ಕಸದ ಕೇಸಿನಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಅದಕ್ಕೆ ಜೀವ ಬಂತು, ಪ್ರತಿ ತಿಂಗಳ ಮೊದಲ ಶನಿವಾರದ ಸಭೆಗಳು ಶುರುವಾದವು. ಅಷ್ಟರಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಆಮೇಲೆ ಅಧಿಕಾರಿಗಳದ್ದೇ ದರ್ಬಾರು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಐದಾಯಿತು, ಆಗಲೂ ಚುನಾವಣೆ ಮಾತ್ರ ಆಗಿರಲಿಲ್ಲ.

ಸರ್ಕಾರವನ್ನು ಬೈಯೋದು ಸುಲಭ, ಬೈಯೋಣ. ಆದರೆ ನನಗೆ ಜಾಸ್ತಿ ಸಿಟ್ಟು ಬರೋದು ಸಭೆಯಲ್ಲಿ ಯಾರು ಕೂತಿರ್ತಾರೆ ಅನ್ನೋದರ ಮೇಲೆ. ನಿವೃತ್ತರು, ಅಪಾರ್ಟ್‌ಮೆಂಟ್ ಸಂಘದವರು, ಅಂದರೆ ನಾವೇ. ಹಳೇ ಪಾಲಿಕೆ ಕಾಯ್ದೆಯಲ್ಲಿ ಸಮಿತಿಯ 10 ನಾಮನಿರ್ದೇಶಿತರಲ್ಲಿ ಕನಿಷ್ಠ 3 ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದ 2 ಜನ ಇರಬೇಕು ಅಂತಿತ್ತು. ಹೆಸರು ತುಂಬಿಸಿದರೆ ಸಾಕಾ? ನಾಲ್ಕು ಮನೆ ಪಾತ್ರೆ ತೊಳೆಯೋ ಅಕ್ಕ ಶನಿವಾರ ಬೆಳಿಗ್ಗೆ ಕೆಲಸ ಬಿಟ್ಟು ಬರೋಕೆ ಆಗುತ್ತಾ? ಬಂದರೂ ನಾವು ಶುರು ಮಾಡೋದು ಇಂಗ್ಲಿಷಿನಲ್ಲಿ! ತಳ್ಳುಗಾಡಿ ತೆಗೆಸಿ ಅಂತ ಅರ್ಧ ಗಂಟೆ ಮಾತಾಡ್ತೀವಿ, ಗಾಡಿಯವರು ಒಬ್ಬರೂ ಎದುರಿಗಿರಲ್ಲ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಈ ವಿಷಯದಲ್ಲಿ ಎಷ್ಟೋ ವಾಸಿ, ಬೀದಿ ವ್ಯಾಪಾರದ ವಿಷಯ ನೋಡೋ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಜನ ವ್ಯಾಪಾರಿಗಳೇ ಇರಬೇಕು ಅಂತ ಬರೆದೇ ಇಟ್ಟಿದೆ.

ನಾನು ಕೇಳೋದು ಇಷ್ಟೇ. ಸಭೆ ಸಂಜೆ ಏಳಕ್ಕೆ ಇಡಿ, ಕನ್ನಡದಲ್ಲಿ ನಡೆಸಿ, ಏನು ತೀರ್ಮಾನ ಆಯ್ತು ಅಂತ ಬರೆದು ರೇಷನ್ ಅಂಗಡಿ ಗೋಡೆಗೆ ಅಂಟಿಸಿ. ಇದನ್ನು ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಬಂದ ಮೊದಲ ಉತ್ತರ: 'ಸಂಜೆ ಟ್ರಾಫಿಕ್ ಇರುತ್ತೆ ಸರ್'. ಅಲ್ಲಾ ಸ್ವಾಮಿ, ನಿಮ್ಮದೇ ವಾರ್ಡು, ನಡ್ಕೊಂಡು ಬನ್ನಿ!