ಎಡಗಾಲಿನ ಪೌರುಷ

ನಮ್ಮ ಹುಬ್ಬಳ್ಳಿಯಲ್ಲಿ ಯಾರೂ ಗಾಡಿ ಓಡಿಸುವುದಿಲ್ಲ, ಹೊಡೆಯುತ್ತಾರೆ. ಹಾಗಾಗಿ ತಾನೇ ಗೇರ್ ಬದಲಿಸಿಕೊಳ್ಳುವ ಕಾರು ಕಂಡರೆ ನಮ್ಮ ಮಾಮಾನಿಗೆ ಮೈಯೆಲ್ಲ ಉರಿ. "ಗಾಡಿ ನಾವು ಹೊಡೀಬೇಕೋ, ಗಾಡೀನ ನಮ್ಮನ್ನ ಹೊಡೀಬೇಕೋ?" ಎಂದು ಕೇಳುತ್ತಾರೆ. ಇದಕ್ಕೆ ಉತ್ತರ ಕೊಡುವವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಮಾಮಾ ಅವರನ್ನು ಮಾತಾಡಲು ಬಿಡುವುದಿಲ್ಲ.

ನಾನು ಮಾಡಿದ ತಪ್ಪು ಇಷ್ಟೇ. ಹೊಸ ಕಾರು ತೆಗೆದುಕೊಂಡೆ, ಎರಡು ಪೆಡಲ್‌ನದ್ದು. ನುಗ್ಗಿಕೇರಿ ಹನಮಪ್ಪನ ಗುಡಿ ಮುಂದೆ ಪೂಜೆ. ಮಾಮಾ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಬಗ್ಗಿದವರು, ಹಾಗೇ ಬಾಗಿಲೊಳಗೆ ಇಣುಕಿದರು.

"ಅಳಿಯಾ, ಕ್ಲಚ್ ಎಲ್ಲೈತಿ?"

"ಇಲ್ಲ ಮಾಮಾ."

ಮದುವೆ ಹಂದರದಲ್ಲಿ ವರನೇ ಕಾಣುತ್ತಿಲ್ಲ ಎಂದು ಕೇಳಿದವರ ಹಾಗೆ ಮುಖ ಮಾಡಿದರು. ನಿಂಬೆಹಣ್ಣು ಕೈಯಲ್ಲೇ ಉಳಿಯಿತು. "ಕಾಲಿಗೆ ಕೆಲಸ ಇಲ್ಲದಂಗ ಮಾಡಾಕ 50,000 ಹೆಚ್ಚಿಗಿ ಕೊಟ್ಟಿಯಾ? ಇದು ಹೆಣ್ಮಕ್ಕಳ ಗಾಡಿ ಬಿಡು."

50,000ದ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಹೆಣ್ಣುಮಕ್ಕಳ ಮಾತಿಗೆ ಅಲ್ಲೇ ಪಕ್ಕದಲ್ಲಿ ನಿಂತಿದ್ದ ಅತ್ತಿ ಉತ್ತರ ಕೊಟ್ಟರು: "ಹಂಗಾದ್ರ ದಿನಾ ಮುಂಜಾನೆ ನನ್ನ ಸ್ಕೂಟಿ ಒಯ್ದು ಹಾಲು ತರ್ತೀರಲ್ಲ, ಅದಕ್ಕ ಎಷ್ಟು ಗೇರ್ ಅದಾವರೀ?" ಮಾಮಾ ತೆಂಗಿನಕಾಯಿ ಒಡೆಯುವುದರಲ್ಲಿ ಮಗ್ನರಾದರು.

ನಾನು ಸುಮ್ನೆ ಇರಬಹುದಿತ್ತು. ವಿವರಿಸಲು ಹೋದೆ. ಆಟೊಮ್ಯಾಟಿಕ್ ಅನ್ನುವುದು ಮೊನ್ನೆ ಬಂದ ಶೋಕಿ ಅಲ್ಲ, ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ ಕಂಪನಿ 1940ರ ಮಾಡೆಲ್‌ನಲ್ಲೇ ಕೊಟ್ಟಿತ್ತು ಅಂದೆ. ನಮ್ಮಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಎಎಂಟಿ ಅನ್ನುವ ಅಗ್ಗದ ಆಟೊಮ್ಯಾಟಿಕ್ ಬಂತು. ಅದರೊಳಗೆ ಇರುವುದು ಮಾಮಾನ ಕಾರಿನಲ್ಲಿರುವಂಥದೇ ಗೇರ್ ಬಾಕ್ಸ್. ಕ್ಲಚ್ಚೂ ಇದೆ. ಅದನ್ನು ಒತ್ತುವ, ಗೇರ್ ತಳ್ಳುವ ಕೆಲಸವನ್ನು ಕಂಪ್ಯೂಟರ್ ಹೇಳಿದಂತೆ ಒಂದು ಸಣ್ಣ ಯಂತ್ರ ಮಾಡುತ್ತದೆ, ಅಷ್ಟೇ ಫರಕು. ಗೇರ್ ಬದಲಾಗುವಾಗ ಕಾರು ಕೋಲೆ ಬಸವನ ಹಾಗೆ ಒಮ್ಮೆ ತಲೆ ಅಲ್ಲಾಡಿಸುತ್ತದೆ, ಅದೂ ನಿಜ.

"ಅಂದ್ರ ನನ್ನ ಕೆಲಸಾನ ಇನ್ನೊಬ್ಬಾಂವ ಮಾಡ್ತಾನ. ಕಂಟ್ರೋಲ್ ನಮ್ಮ ಕೈಯಾಗ ಇರಬೇಕಪಾ."

ಈ ಕಂಟ್ರೋಲ್ ಅಂದರೆ ಏನೆಂದು ತೋರಿಸಲು ಮರುದಿನ ಧಾರವಾಡದಿಂದ ಹುಬ್ಬಳ್ಳಿಗೆ ತಮ್ಮ ಕಾರಿನಲ್ಲೇ ಕರೆದುಕೊಂಡು ಹೊರಟರು. ನವಲೂರಿನ ಹತ್ತಿರ ಇಳಿಜಾರು ಬಂತು. ತಕ್ಷಣ ನ್ಯೂಟ್ರಲ್. "ಪೆಟ್ರೋಲ್ ಉಳೀತೈತಿ." ಈಗಿನ ಕಾರುಗಳಲ್ಲಿ ಗೇರ್‌ನಲ್ಲೇ ಇಳಿದರೆ ಇಂಜಿನ್‌ಗೆ ಪೆಟ್ರೋಲ್ ತಾನಾಗಿ ಬಂದ್ ಆಗುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಬಂದ್ ಬೀಳದಿರಲು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಅಂದರೆ ಕಂಟ್ರೋಲ್ ಬೇಕು ಅನ್ನುವವರು ಇಳಿಜಾರಿನಲ್ಲಿ ಕಂಟ್ರೋಲ್ ಬಿಟ್ಟುಕೊಟ್ಟು, ಮೇಲೆ ಪೆಟ್ರೋಲನ್ನೂ ಸುಟ್ಟರು.

ಹೊಸೂರು ಬಂತು. ಅಲ್ಲಿಂದ ಚೆನ್ನಮ್ಮ ಸರ್ಕಲ್‌ವರೆಗೆ ನಾನು ಎಣಿಸಿದೆ. ಮಾಮಾ 61 ಸಲ ಕ್ಲಚ್ ತುಳಿದರು. ಫಸ್ಟ್, ಸೆಕೆಂಡ್, ಫಸ್ಟ್, ನ್ಯೂಟ್ರಲ್, ಮತ್ತೆ ಫಸ್ಟ್. ಥರ್ಡ್ ಬಿದ್ದದ್ದು ಒಂದೇ ಸಲ, ಅದೂ ಕೈತಪ್ಪಿ. ಗೇರ್ ಹಿಡಿಯುವ ಆ ಎಡಗೈ ನಡುನಡುವೆ ಫೋನ್ ಹಿಡಿದು "ಹಾಂ, ಬಂದ್ಯಾ, ಇಲ್ಲೇ ಅದೀನಿ" ಎಂದು ಯಾರಿಗೋ ಸುಳ್ಳು ಹೇಳುತ್ತಿತ್ತು. ಪಕ್ಕದ ತನ್ನದೇ ದಾರಿಯಲ್ಲಿ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು ಹೆಸರಿಗೆ ತಕ್ಕಂತೆ, ಜಿಂಕೆಯ ಹಾಗೆ ಸರ್ರನೆ ಹೋಯಿತು. ಆ ಬಸ್ಸಿಗೂ ಎರಡೇ ಪೆಡಲ್. ಆದರೆ ಮಾಮಾ 40ನೇ ಸಲ ಕ್ಲಚ್ ತುಳಿಯುತ್ತಿದ್ದಾಗ ಅದನ್ನು ಹೇಳುವುದು ಸರಿ ಅಲ್ಲ, ಅಲ್ವಾ?

ವಾಪಸ್ ಬರುವಾಗ ಅಮರಗೋಳ ಎಪಿಎಂಸಿ ಹತ್ತಿರ ಚಹಾಕ್ಕೆ ನಿಂತೆವು. ಅಲ್ಲೊಬ್ಬ ಲಾರಿ ಡ್ರೈವರ್ ಕೂತಿದ್ದರು. ಮೂವತ್ತು ವರ್ಷದ ಸರ್ವಿಸ್. ಇವರು ತಮ್ಮ ಪಾರ್ಟಿ ಎಂದು ಮಾಮಾನಿಗೆ ಖಾತ್ರಿ.

"ಏನ್ರಿ ಸಾಹೇಬ್ರ, ಲಾರಿಗೆ ಆಟೊಮ್ಯಾಟಿಕ್ ಅಂದ್ರ ನಡೀತೈತೇನ್ರಿ? ಅರಬೈಲ್ ಘಾಟ್ ಇಳಿಯೂಮುಂದ ಏನ್ ಗತಿ?"

ಡ್ರೈವರ್ ಬಸಿ ಕೆಳಗಿಟ್ಟರು. ಲುಂಗಿ ಸ್ವಲ್ಪ ಮೇಲೆತ್ತಿ ಎಡ ಮೊಣಕಾಲು ತೋರಿಸಿದರು. ಬಿಸಿಲಿಗೆ ಬಣ್ಣ ಹೋದ ನೀ ಕ್ಯಾಪ್ ಅಲ್ಲಿ ಗಟ್ಟಿಯಾಗಿ ಕೂತಿತ್ತು.

"ಘಾಟಿಗೆ ಸಣ್ಣ ಗೇರ್ ಬೇಕ್ರಿ, ಖರೆ. ಬರೇ ಬ್ರೇಕ್ ಮ್ಯಾಲ ಇಳಿದ್ರ ಡ್ರಮ್ ಕಾದು ಬ್ರೇಕ ಹತ್ತೂದಿಲ್ಲ. ಆದ್ರ ಆ ಗೇರ್ ನನ್ನ ಕಾಲ ಹಾಕಬೇಕು ಅಂತ ಎಲ್ಲಿ ಬರದೈತ್ರಿ? ಕೊಡಾಂವ ಇದ್ರ ನಾಳೇನ ಕೊಡ್ರಿ, ಕೈ ಮುಗದು ತಗೋತೀನಿ."

ಹೊರದೇಶದಲ್ಲಿ ಇದು ಯಾವತ್ತೋ ಆಗಿದೆ. ವೋಲ್ವೊ ತನ್ನ ದೊಡ್ಡ ಲಾರಿಗಳಿಗೆ ತಾನೇ ಗೇರ್ ಬದಲಿಸುವ 12 ಗೇರ್‌ನ ಐ-ಶಿಫ್ಟ್ ತಂದಿದ್ದು 2001ರಲ್ಲಿ. ಇಲ್ಲಿ ಮಾತ್ರ, ದಿನವಿಡೀ ಕ್ಲಚ್ ತುಳಿದು ಹೊಟ್ಟೆ ಹೊರೆಯುವವರು ಅದು ಹೋದರೆ ಸಾಕು ಅನ್ನುತ್ತಾರೆ. ಭಾನುವಾರ ಮಿರ್ಚಿ ಗಿರ್ಮಿಟ್ ತಿನ್ನಲು ಕಾರು ತೆಗೆಯುವವರು ಅದೇ ಡ್ರೈವಿಂಗಿನ ಆತ್ಮ ಅನ್ನುತ್ತಾರೆ.

ಕಾರು ಹತ್ತಿದ ಮೇಲೆ ಮಾಮಾ ತೀರ್ಪು ಕೊಟ್ಟರು: "ಅಂವ ಅಷ್ಟೇನ್ ಪಳಗಿದ ಡ್ರೈವರ್ ಅಲ್ಲ ಬಿಡು."

ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಕಂಟ್ರೋಲ್ ಪುರಾಣ ಮತ್ತೆ ಶುರುವಾಯಿತು. ಅತ್ತಿ ರೊಟ್ಟಿ ಬಡಿಸುತ್ತಾ, "ನಾಳಿಂದ ಶೇಂಗಾ ಚಟ್ನಿ ನೀವ ಒಳ್ಳಿನಾಗ ಕುಟ್ರಿ, ಮಿಕ್ಸರ್ ಮುಟ್ಟಬ್ಯಾಡ್ರಿ" ಎಂದರು. ಪುರಾಣ ಅಲ್ಲಿಗೇ ನಿಂತಿತು. ಚಟ್ನಿ ಎರಡು ಸಲ ಹಾಕಿಸಿಕೊಂಡರು.

ಮುಂದಿನ ವಾರ ಮಾಮಾನ ಎಡ ಮೊಣಕಾಲು ಬಾತಿತು. ಹದಿನೈದು ದಿನ ಕಾರು ಬೇಡ ಎಂದು ಡಾಕ್ಟರ್ ಹೇಳಿದರು. ನನ್ನ ಕಾರಿನಲ್ಲಿ ಬರುವುದಿಲ್ಲ ಎಂದು ಮಾಮಾನ ಹಠ. ಕೊನೆಗೆ ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಹತ್ತಿದೆವು. ಮುಂದೆಯೇ ಸೀಟು ಸಿಕ್ಕಿತು. ಅಲ್ಲಿಂದ ಡ್ರೈವರ್‌ನ ತಲೆ, ಭುಜ ಕಾಣುತ್ತದೆ, ಕಾಲು ಕಾಣುವುದಿಲ್ಲ. ಎಸಿ ತಂಪಿಗೆ ಮಾಮಾ ಸ್ವಲ್ಪ ಮೆತ್ತಗಾದರು. ನವಲೂರು, ಸತ್ತೂರು, ರಾಯಾಪುರ ದಾಟಿತು. ಉಣಕಲ್ ಹತ್ತಿರ ನನ್ನ ತೋಳು ಹಿಡಿದು ಕಿವಿಯಲ್ಲಿ ಹೇಳಿದರು:

"ನೋಡು ಅಳಿಯಾ, ಇದಕ್ಕ ಅನ್ನೂದು ಡ್ರೈವಿಂಗ್ ಅಂತ. ಧಾರವಾಡದಿಂದ ಇಲ್ಲಿತನ ಒಂದರೆ ಗೇರ್ ಹಾಕಿದ್ದು ಗೊತ್ತಾತೇನು ನಿನಗ?"

"ಇಲ್ಲ ಮಾಮಾ, ಒಂದೂ ಗೊತ್ತಾಗಲಿಲ್ಲ" ಎಂದೆ.