ಸಿಂಗಲ್ ಶಾಟ್ ಅಂದ್ರೆ ಎಲ್ಲಾ ಒಂದೇ ಅಲ್ಲ

ಸಿಂಗಲ್ ಶಾಟ್, ಅಂದ್ರೆ ಒಂದು ಸಲಕ್ಕೆ ಒಂದೇ ತೋಟಾ ಹಾಕಿ ಹೊಡೆಯುವ ರೈಫಲ್ ಬಗ್ಗೆ ಬಂದ ಲೇಖನ ಚೆನ್ನಾಗಿದೆ. ಆದರೆ 'ಸಿಂಗಲ್ ಶಾಟ್ ರೈಫಲ್‌ನಲ್ಲಿ ಮ್ಯಾಗಜಿನ್ (ತೋಟಾ ತುಂಬಿಡುವ ಪೆಟ್ಟಿಗೆ) ಇಲ್ಲ, ಬ್ರೀಚ್ (ನಳಿಗೆಯ ಹಿಂತುದಿ ಮುಚ್ಚುವ ಭಾಗ) ಗಟ್ಟಿ, ಎಷ್ಟು ಜೋರಿನ ತೋಟಾ ಹಾಕಿದರೂ ನಡೆಯುತ್ತದೆ' ಎಂಬ ಮಾತು ಒಪ್ಪೋಕೆ ಆಗಲ್ಲ. ಯಾವ ಬಂದೂಕು, ಯಾವ ಕಾಲದ ಉಕ್ಕು ಅನ್ನೋದು ನೋಡಬೇಕು ಅಲ್ವಾ? .45-70 ತೋಟಾನೇ ತಗೊಳ್ಳಿ. 1873ರ ಟ್ರಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್ ಎಂಬ ಅಮೆರಿಕ ಸೇನೆಯ ಸಿಂಗಲ್ ಶಾಟ್ ರೈಫಲ್‌ಗೆ ಮಾಡಿದ್ದು, ಕರಿಮದ್ದಿನ ಕಾಲದ್ದು. ಅದಕ್ಕೇ ಬಂದೂಕು, ತೋಟಾಗಳಿಗೆ ಮಾನದಂಡ ಹಾಕುವ ಅಮೆರಿಕದ ಸಾಮಿ (SAAMI) ಸಂಸ್ಥೆ ಇವತ್ತಿಗೂ ಅದರ ಗರಿಷ್ಠ ಒತ್ತಡವನ್ನು 28,000 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಒತ್ತಡದ ಅಳತೆ) ನಿಲ್ಲಿಸಿದೆ. ಈಚಿನ ಕಾಲದ .308 ವಿಂಚೆಸ್ಟರ್ ತೋಟಾಗೆ 62,000. ರುಗರ್ ನಂಬರ್ 1 ಎಂಬ ಈಚಿನ ಸಿಂಗಲ್ ಶಾಟ್ ರೈಫಲ್ ಜಾಸ್ತಿ ತಡೆಯುತ್ತದೆ, ನಿಜ. ಆದರೆ ಅದಕ್ಕೆಂದು ತುಂಬಿದ .45-70 ತೋಟಾ ಹಳೆಯ ಟ್ರಾಪ್‌ಡೋರ್ ಒಳಗೂ ಸಲೀಸಾಗಿ ಕೂರುತ್ತದೆ. ಅಪಾಯ ಇರೋದೇ ಅಲ್ಲಿ.

ಪಿಎಸ್‌ಐ ಒಂದನ್ನೇ ನೋಡಿದರೂ ಸಾಲದು. ಬ್ರೀಚ್ ಮೇಲೆ ಬೀಳುವ ನೂಕು ತೋಟಾ ಎಷ್ಟು ದಪ್ಪ ಅನ್ನೋದರ ಮೇಲೂ ನಿಂತಿದೆ. ಒಳವ್ಯಾಸ ಎರಡು ಪಟ್ಟಾದರೆ ಅದೇ ಒತ್ತಡಕ್ಕೆ ನೂಕು ನಾಲ್ಕು ಪಟ್ಟು.

ನಮ್ಮ ಮುಧೋಳ ಕಡೆ ಹಂದಿ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿದ, ಅಜ್ಜನ ಕಾಲದ ಒಂಟಿ ನಳಿಗೆ ಬಂದೂಕುಗಳಿವೆ. ಎಲೆಕ್ಷನ್ ಬಂದಾಗ ಠಾಣೆಗೆ ಹೋಗಿ ಬರೋದಷ್ಟೇ ಅವುಗಳ ಓಡಾಟ! ಕೆಲವು ಲಾಕ್ ಆದ ಮೇಲೂ ನಳಿಗೆ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತವೆ. ಅಂಥದಕ್ಕೆ ಸುಮ್ನೆ ಮ್ಯಾಗ್ನಮ್, ಅಂದ್ರೆ ಜಾಸ್ತಿ ಜೋರಿನ ತೋಟಾ ಹಾಕಬೇಡಿ. ಮೊದಲು ನಳಿಗೆ ಮೇಲಿನ ಪ್ರೂಫ್ ಮುದ್ರೆ (ಒತ್ತಡ ಪರೀಕ್ಷೆ ಮಾಡಿ ಒತ್ತಿದ ಗುರುತು) ಓದಿ, ಬಂದೂಕು ರಿಪೇರಿ ಬಲ್ಲವರಿಗೆ ತೋರಿಸಿ.