ಮುಯ್ಯಿ ಪುಸ್ತಕದಲ್ಲಿ ದೇವರ ಹೆಸರು

ನಮ್ಮ ಮನೆಯಲ್ಲಿ ಒಂದು ಹಳೇ ಮುಯ್ಯಿ ಪುಸ್ತಕವಿದೆ. ನನ್ನ ಮದುವೆಯಲ್ಲಿ ಯಾರು ಏನು ಕೊಟ್ಟರು ಅಂತ ಅಪ್ಪ ಬರೆದಿಟ್ಟದ್ದು. ಇಂಥವರು 101 ರೂಪಾಯಿ, ಇಂಥವರು ಸ್ಟೀಲ್ ಕೊಳಗ, ಇಂಥವರು ಗೋಡೆ ಗಡಿಯಾರ (ಅದು ಐದನೆಯದು). ಅವರ ಮನೆಯಲ್ಲಿ ಮದುವೆ ಬಂದಾಗ ಪುಸ್ತಕ ತೆಗೆದು ನೋಡಿ, ಮೇಲೊಂದಿಷ್ಟು ಸೇರಿಸಿ ತೀರಿಸಬೇಕು. ಇದು ಅಪ್ಪನ ಕಟ್ಟಳೆ. ಅಮ್ಮನದು ಇನ್ನೊಂದಿತ್ತು: ಯಾರ ಮನೆಯ ಡಬ್ಬವನ್ನೂ ಖಾಲಿ ಕಳಿಸಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು.

ಇಂಥ ಇಬ್ಬರ ಮಗ ನಾನು. ಸಾಲದ್ದಕ್ಕೆ ಹೊಟ್ಟೆಪಾಡಿಗೆ ಮಾಡೋದೂ ಲೆಕ್ಕ ಬರೆಯುವ ಕೆಲಸ. ಹೀಗಾಗಿ ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಬೈಬಲಿನಲ್ಲಿರುವ ‘ಎಫೆಸದವರಿಗೆ ಬರೆದ ಪತ್ರಿಕೆ’ಯ ಎರಡನೇ ಅಧ್ಯಾಯ ತೆಗೆದು, ರಕ್ಷಣೆ ದೇವರ ವರ, ನಿಮ್ಮ ಕ್ರಿಯೆಗಳಿಂದ ಬಂದದ್ದಲ್ಲ ಅಂತ ಹೇಳಿದಾಗಲೆಲ್ಲ ಜೋರಾಗಿ ಆಮೆನ್ ಅನ್ನುತ್ತೇನೆ. ಒಳಗೆ ಮಾತ್ರ ಗುಮಾಸ್ತ ಕೇಳುತ್ತಾನೆ: ಸರಿ ಸ್ವಾಮಿ, ವರ. ಎಷ್ಟು ಅಂತ ಬರೆದುಕೊಳ್ಳಲಿ?

2023ರ ಲೆಂಟಿನಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಆ ಬಾಕಿಯನ್ನು ಒಂದಿಷ್ಟಾದರೂ ತೀರಿಸೋಣ ಅನ್ನಿಸಿತು. ಹಣೆಗೆ ಬೂದಿ ಹಚ್ಚುವ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ 46 ದಿನ. ಅದರಲ್ಲಿ ಆರು ಭಾನುವಾರ ಕಳೆದರೆ 40. ಕ್ರಿಸ್ತನ ಶ್ರಮೆಯನ್ನು, ಅಂದರೆ ಅವನು ಪಟ್ಟ ಯಾತನೆಯನ್ನು, ಧ್ಯಾನಿಸುವ ದಿನಗಳು ಅಂತ ನಮ್ಮವರು ಅನ್ನುತ್ತಾರೆ. ಶ್ರಮೆ ಪಟ್ಟದ್ದು ಯೇಸುಸ್ವಾಮಿ. ನಾನು ಅದನ್ನು ನನ್ನ ಓವರ್‌ಟೈಮ್ ಅಂತ ತಿಳಿದುಕೊಂಡೆ. ಇನ್ನೂರು ಪೇಜಿನ ನೋಟ್‌ಬುಕ್ ತಂದು ಗೆರೆ ಹಾಕಿದೆ. ಬೆಳಗಿನ ಜಾವ ನಾಲ್ಕೂವರೆಗೆ ಪ್ರಾರ್ಥನೆ, ಕಾಫಿ ಇಲ್ಲ, ಸಿಹಿ ಇಲ್ಲ, ಮಾಂಸ ಇಲ್ಲ, ಸಿಟ್ಟು ಇಲ್ಲ. ಮಾಡಿದ್ದಕ್ಕೆ ಒಂದು ಅಂಕ, ತಪ್ಪಿದ್ದಕ್ಕೆ ಒಂದು ಕಳೆಯೋದು.

ಬೆನ್ನಿಗೆ ದೊಡ್ಡವರೂ ಇದ್ದರು. ನಮ್ಮದು ವೆಸ್ಲಿಯನ್ ಮಿಷನ್‌ನವರು ಕಟ್ಟಿದ ಸಭೆ. 1947ರಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆಯಿತು. ಆ ಮಿಷನ್ನಿಗೆ ಹೆಸರು ಬಂದದ್ದು ಯಾರಿಂದಲೋ ಆ ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಯವರು ಆಕ್ಸ್‌ಫರ್ಡಿನಲ್ಲಿದ್ದಾಗ ದಿನದ ಒಂದೊಂದು ಗಂಟೆಯ ಲೆಕ್ಕವನ್ನೂ ಡೈರಿಯಲ್ಲಿ ಬರೆಯುತ್ತಿದ್ದರಂತೆ. ಬುಧವಾರ, ಶುಕ್ರವಾರ ಉಪವಾಸ. ಜೈಲಿಗೆ ಹೋಗಿ ಕೈದಿಗಳನ್ನು ಮಾತಾಡಿಸೋದು. ಇವರ ಈ ಅಚ್ಚುಕಟ್ಟು ನೋಡಿ ಜೊತೆಯವರು ಗೇಲಿಗೆ ಇಟ್ಟ ಹೆಸರೇ ಮೆಥಡಿಸ್ಟ್. ನೋಡಿದೆಯಾ, ನಮ್ಮ ಮೂಲಪುರುಷರೇ ಅಕೌಂಟೆಂಟು ಅಂತ ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ, "ಪೂರ್ತಿ ಓದಿದ್ರಾ?" ಅಂದಳು. ನಾನು ಓದಿದ್ದು ಅರ್ಧ.

ಮೊದಲ ದಿನ ಅಲಾರಂಗೆ ಮಗ ಎದ್ದ, ಹೆಂಡತಿ ಎದ್ದಳು, ಕೆಳಗಿನ ಮನೆಯ ನಾಯಿ ಎದ್ದಿತು. ನಾನು ಮೂರನೇ ಸಲ ಹೊಡೆದಾಗ ಎದ್ದೆ. ಸೋಫಾದ ಮುಂದೆ ಮೊಣಕಾಲೂರಿ, ಹಣೆ ಒರಗಿಸಿ, "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂದದ್ದು ನೆನಪಿದೆ. ಆರೂಕಾಲಿಗೆ ಹೆಂಡತಿ ಬಂದು ಎಬ್ಬಿಸಿದಳು. ಹಣೆಯ ಮೇಲೆ ಸೋಫಾ ಬಟ್ಟೆಯ ಗೆರೆಗಳು ಅಳಿಲಿನ ಬೆನ್ನಿನ ಹಾಗೆ ಮೂಡಿದ್ದವು. ಎರಡೂ ಕಾಲು ಜೋಮು. ಆಫೀಸಿನಲ್ಲಿ ಒಬ್ಬರು, "ಬೂದಿ ಬುಧವಾರದ ಗುರುತಾ ಸಾರ್?" ಅಂತ ಭಕ್ತಿಯಿಂದ ಕೇಳಿದರು. ಹೌದೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಪ್ರಾರ್ಥನೆ, ಒಂದೂ ಮುಕ್ಕಾಲು ಗಂಟೆ ಅಂತ ಬರೆದುಕೊಂಡೆ.

ಕಾಫಿ ಬಿಟ್ಟದ್ದು ಮಾತ್ರ ಇಡೀ ಮನೆಗೆ ಶಿಕ್ಷೆಯಾಯಿತು. ಮೂರನೇ ದಿನ ತಲೆ ಸಿಡಿಯುತ್ತಿತ್ತು. ಮಗ ಸಾಕ್ಸು ಹುಡುಕುತ್ತಿದ್ದ, ಅಷ್ಟೇ. ಓಣಿಗೆಲ್ಲ ಕೇಳೋ ಹಾಗೆ ಕೂಗಾಡಿದೆ. ಕಾಫಿಗೆ ಒಂದು ಬಂತು, ಸಿಟ್ಟಿಗೆ ಒಂದು ಹೋಯಿತು. ಹತ್ತು ದಿನದ ಮೊತ್ತ ಹಾಕಿ ನೋಡಿದರೆ ನಾನು ದೇವರಿಗೆ ಮೊದಲಿಗಿಂತ ಜಾಸ್ತಿ ಕೊಡಬೇಕಾಗಿತ್ತು. "ಅದಕ್ಕಿಂತ ಕಾಫಿ ಕುಡೀರಿ, ದೇವರೂ ನೆಮ್ಮದಿಯಾಗಿರ್ತಾನೆ" ಅಂದಳು ಇವಳು.

ಈ ನಲವತ್ತು ದಿನದ ಇನ್ನೊಂದು ಕಷ್ಟ ಅಂದರೆ, ಯುಗಾದಿ ಹೆಚ್ಚಾಗಿ ಇದರೊಳಗೇ ಬಂದು ಬೀಳುತ್ತದೆ. ಆ ವರ್ಷ ಮಾರ್ಚ್ 22, ನನ್ನ ಲೆಕ್ಕದಲ್ಲಿ 25ನೇ ದಿನ. ಎದುರುಮನೆ ಅಜ್ಜಿ ದೊಡ್ಡ ಸ್ಟೀಲ್ ಡಬ್ಬದ ತುಂಬ ಹೋಳಿಗೆ ಕಳಿಸಿದರು. ನಾನು ಮುಖ ತಿರುಗಿಸಿಕೊಂಡು ಚಪಾತಿ ತಿಂದು ಮಲಗಿದೆ. ರಾತ್ರಿ ಹನ್ನೊಂದೂವರೆಗೆ ನೀರು ಕುಡಿಯಲು ಎದ್ದೆ. ನಿಜವಾಗಿಯೂ ನೀರಿಗೇ. ಡಬ್ಬದ ಮುಚ್ಚಳ ಅದೇಕೋ ಸಡಿಲವಾಗಿತ್ತು. ಕತ್ತಲಲ್ಲಿ ನಿಂತು ಎರಡು ತಿಂದೆ. ಮೂರನೆಯದಕ್ಕೆ ತುಪ್ಪ ಬೇಕೆನಿಸಿತು. ಕೈ ತಾಗಿ ತುಪ್ಪದ ಬಟ್ಟಲು ಉರುಳಿತು, ಅದರ ಮೇಲೆ ನಾನು ಕಾಲಿಟ್ಟೆ, ಫ್ರಿಜ್ ಹಿಡಿದುಕೊಂಡೆ, ಫ್ರಿಜ್ ಮೇಲಿದ್ದ ಮೊಟ್ಟೆಯ ಟ್ರೇ ನನ್ನನ್ನು ಹಿಡಿದುಕೊಂಡಿತು. ಲೈಟು ಹತ್ತಿತು. ಮಗ ಬಾಗಿಲಲ್ಲಿ ನಿಂತು, ಬಹಳ ಮರ್ಯಾದೆಯಿಂದ, "ಅಪ್ಪಾ, ಪ್ರೇಯರ್ರಾ?" ಅಂದ.

ಮಾರನೇ ದಿನ ಹೊಸತೊಡಕು. ಅಜ್ಜಿಯ ಮನೆಯಿಂದ ಇನ್ನೊಂದು ಡಬ್ಬ ಬಂತು. ಮಟನ್ ಸಾರು. ಸಾರು ಮಾಂಸವಲ್ಲ, ಮಾಂಸ ಮುಳುಗೆದ್ದ ನೀರು ಅಷ್ಟೇ ಅಂತ ವಾದ ಹೂಡಿ ಬರೀ ಸಾರಿನಲ್ಲಿ ನಾಲ್ಕು ಮುದ್ದೆ ಇಳಿಸಿದೆ. ನೋಟ್‌ಬುಕ್ಕಿನಲ್ಲಿ ಅದನ್ನು ಯಾವ ಕಾಲಮ್ಮಿಗೆ ಹಾಕೋದು ಅಂತ ತಿಳಿಯದೆ ಪೆನ್ಸಿಲ್ಲಿನಲ್ಲಿ ಬರೆದೆ.

ಭಾನುವಾರ ಅಯ್ಯನವರು ವೆಸ್ಲಿಯವರ ಕಥೆಯ ಉಳಿದರ್ಧ ಹೇಳಿದರು. ಸುವಾರ್ತೆ ಸಾರೋಕೆ ಅಂತ ಹಡಗು ಹತ್ತಿ ಅಮೆರಿಕದ ಜಾರ್ಜಿಯಾಕ್ಕೆ ಹೋಗಿ, ಸೋತು ಸುಣ್ಣವಾಗಿ ಲಂಡನ್ನಿಗೆ ಹಿಂದಿರುಗಿದ ಮನುಷ್ಯ. 1738ರ ಮೇ 24ರ ಸಂಜೆ ಮನಸ್ಸಿಲ್ಲದ ಮನಸ್ಸಿನಿಂದ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಹೋದರು. ಅಲ್ಲಿ ಯಾರೋ ಬೈಬಲಿನ ‘ರೋಮಾಪುರದವರಿಗೆ ಬರೆದ ಪತ್ರಿಕೆ’ಗೆ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಒಂಬತ್ತಕ್ಕೆ ಕಾಲು ಗಂಟೆ ಇರುವಾಗ ಎದೆ ಬೆಚ್ಚಗಾಯಿತು. ಕ್ರಿಸ್ತನೊಬ್ಬನೇ ಸಾಕು ಅನ್ನೋದು ಒಳಗಿಳಿಯಿತು. ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು. ನನಗೆ ಸಮಾಧಾನವಾದದ್ದು ಬೇರೆ ವಿಷಯಕ್ಕೆ: ಕೃಪೆ ಸಿಕ್ಕ ಗಳಿಗೆಯಲ್ಲೂ ಪುಣ್ಯಾತ್ಮ ಗಡಿಯಾರ ನೋಡಿದ್ದಾರೆ!

ಅಂದು ಸಂಜೆ ಡಬ್ಬಗಳ ಋಣ ತೀರಿಸಲು ಹೊರಟೆ. ಬೇಕರಿಯಲ್ಲಿ ಅರ್ಧ ಕೆಜಿ ಮೈಸೂರ್ ಪಾಕ್ ಕೊಂಡು ದೊಡ್ಡ ಡಬ್ಬಕ್ಕೆ ಹಾಕಿಸಿದೆ. ಎರಡನ್ನೂ ಸ್ಕೂಟರಿನ ಮುಂದೆ, ಕಾಲಿನ ಹತ್ತಿರ ಇಟ್ಟುಕೊಂಡು ಬರುತ್ತಿದ್ದೆ. ನಮ್ಮ ಓಣಿಯ ತಿರುವಿನಲ್ಲಿ ಹಿಂದಿನ ದಿನ ಇಲ್ಲದ ಒಂದು ಹಂಪ್. ದೊಡ್ಡ ಡಬ್ಬ ಹಾರಿತು, ಮುಚ್ಚಳ ಬೇರೆ ದಿಕ್ಕಿಗೆ ಹೋಯಿತು, ಎದುರಿಗೆ ಬಂದ ಆಟೋ ಮುಚ್ಚಳದ ಮೇಲೆ ಹತ್ತಿ ಇಳಿಯಿತು. ಮೈಸೂರ್ ಪಾಕ್ ರಸ್ತೆಯಲ್ಲಿ. ಕೆಳಗಿನ ಮನೆಯ ಅದೇ ನಾಯಿ ಎಲ್ಲಿತ್ತೋ, ಬಂದು ತಿನ್ನತೊಡಗಿತು. ಅದು ಉಪವಾಸ ಮಾಡಿರಲಿಲ್ಲ. ಕಾಫಿಯನ್ನೂ ಬಿಟ್ಟಿರಲಿಲ್ಲ. ಬಾಲ ಅಲ್ಲಾಡಿಸುತ್ತಾ ಒಂದೊಂದೇ ತುಂಡನ್ನು ಮುಗಿಸಿತು. ಸಂಜೆ ಐದಕ್ಕೆ ದ್ರಾಕ್ಷೆತೋಟಕ್ಕೆ ಬಂದು, ಬೆಳಗಿನಿಂದ ಬೆವರಿಳಿಸಿದವರಷ್ಟೇ ಕೂಲಿ ಎಣಿಸಿಕೊಂಡು ಹೋದನಲ್ಲ ಮತ್ತಾಯನ ಸುವಾರ್ತೆಯ ಆ ಕೊನೆಯ ಕೂಲಿಯವನು, ಅವನ ಮೇಲೆ ನನಗೆ ಮೊದಲಿನಿಂದಲೂ ಒಂದು ಸಣ್ಣ ಹೊಟ್ಟೆಕಿಚ್ಚು. ಅವನ ಮುಖ ಹೇಗಿದ್ದೀತು ಅಂತ ಅವತ್ತು ಕಂಡಿತು.

ನಗ್ಗಿದ ಡಬ್ಬ, ಚಪ್ಪಟೆ ಮುಚ್ಚಳ ಹಿಡಿದು ಅಜ್ಜಿಯ ಬಾಗಿಲಲ್ಲಿ ನಿಂತೆ. "ಅಜ್ಜಿ, ಖಾಲಿ ತಂದಿದ್ದೀನಿ. ಹೊಸ ಡಬ್ಬ ತಂದುಕೊಡ್ತೀನಿ. ಮೈಸೂರ್ ಪಾಕ್ ಕೂಡ ಮತ್ತೆ..."

"ಅಯ್ಯೋ, ಬಿದ್ದು ಗಿದ್ದು ಏಟಾಯ್ತೇನಪ್ಪಾ?" ಅಂದರು ಅಜ್ಜಿ. ನನ್ನ ಮೊಣಕೈ ತಿರುಗಿಸಿ ನೋಡಿದರು. ತರಚಿತ್ತು. ನಾನೇ ಗಮನಿಸಿರಲಿಲ್ಲ.

"ಇಲ್ಲಜ್ಜಿ. ಆದ್ರೆ ಅಷ್ಟೊಂದು ಹೋಳಿಗೆ ಕೊಟ್ಟಿದ್ರಿ, ಸಾರು ಬೇರೆ..."

"ನಾನೇನು ಸಾಲ ಕೊಟ್ಟಿದ್ನಾ? ಸುಮ್ನೆ ಕೂತ್ಕೋ." ಅರಿಶಿನ ಹಚ್ಚಿದರು. ಒಳಗೆ ಹೋಗಿ ಅದೇ ಸೊಟ್ಟ ಡಬ್ಬಕ್ಕೆ ಚಕ್ಕುಲಿ ತುಂಬಿ, ಮುಚ್ಚಳ ಕೂರದಿದ್ದಕ್ಕೆ ಹಳೇ ಪೇಪರ್ ಮುಚ್ಚಿ ದಾರ ಕಟ್ಟಿ ತಂದರು. ಜೊತೆಗೆ ಒಂದು ಲೋಟ ಕಾಫಿ. ಕುಡಿದೆ. ಹೇಗೂ ಭಾನುವಾರ ಲೆಕ್ಕಕ್ಕಿಲ್ಲ ಅಂತ ಹೇಳಬಹುದಿತ್ತು. ಅದು ಹೊಳೆದದ್ದು ಲೋಟ ಕೆಳಗಿಟ್ಟ ಮೇಲೆ.

ಮನೆಗೆ ಬಂದಾಗ ಚಕ್ಕುಲಿ ಕಂಡು ಇವಳು, "ಇದಕ್ಕೇನ್ರೀ ವಾಪಸ್ ಕೊಡೋದು?" ಅಂದಳು. ಈಸ್ಟರಿಗೆ ಎರಡೇ ವಾರ. ಕೇಕ್ ಒಂದು ಕೆಜಿ ಕೊಟ್ಟರೆ ಹೋಳಿಗೆಗೂ ಸಾರಿಗೂ ಸರಿಹೋಗುತ್ತೆ, ಚಕ್ಕುಲಿಗೆ ಬೇರೆ ಏನಾದರೂ ನೋಡಬೇಕು ಅನ್ನುತ್ತಾ ಬರೆದಿಟ್ಟುಕೊಳ್ಳಲು ನೋಟ್‌ಬುಕ್ ಹುಡುಕಿದೆ.

ಊಟದ ಮೇಜಿನ ಮೇಲೆ ಸಿಕ್ಕಿತು. ಅದರ ಮೇಲೆ ಇವಳು ಬಿಸಿ ಸಾರಿನ ಪಾತ್ರೆ ಇಟ್ಟಿದ್ದಳು.